ಸೂಪರ್‌ಮ್ಯಾನ್ ಚಡ್ಡಿಯ ಚರಿತ್ರೆ

"ಸೂಪರ್‌ಮ್ಯಾನ್ ಪ್ಯಾಂಟಿನ ಮೇಲೆ ಯಾಕೆ ಚಡ್ಡಿ ಹಾಕ್ಕೊಳ್ತಾನೆ?" ಈ ಜೋಕು ಕೇಳದೆ ಬೆಳೆದವರು ನಮ್ಮ ತಲೆಮಾರಿನಲ್ಲಿ ಇರಲಿಕ್ಕಿಲ್ಲ. ಎಲ್ಲರೂ ನಕ್ಕು ಮುಂದೆ ಹೋಗ್ತೀವೇ ಹೊರತು ಉತ್ತರ ಹುಡುಕೋದಿಲ್ಲ. ಆದರೆ ಉತ್ತರ ಇದೆ. ಅದು ಸಿಗೋದು ಸಿನಿಮಾದಲ್ಲಲ್ಲ, ಸರ್ಕಸ್ಸಿನಲ್ಲಿ.

1859ರಲ್ಲಿ ಪ್ಯಾರಿಸ್ಸಿನ ಸರ್ಕಸ್ಸೊಂದರಲ್ಲಿ ಜೂಲ್ ಲಿಯೋತಾರ್ ಅನ್ನೋ ಹುಡುಗ ಒಂದು ಜೋಕಾಲಿಯಿಂದ ಇನ್ನೊಂದು ಜೋಕಾಲಿಗೆ ಗಾಳಿಯಲ್ಲೇ ಹಾರಿ ಜನರನ್ನ ದಂಗುಬಡಿಸಿದ. ಅವನಪ್ಪ ತುಲೂಸ್ ಊರಿನಲ್ಲಿ ವ್ಯಾಯಾಮ ಶಾಲೆ ನಡೆಸ್ತಿದ್ದವನು. ಮಗ ತೊಟ್ಟಿದ್ದು ಮೈಗೆ ಅಂಟಿಕೊಳ್ಳೋ, ಹೆಣೆದ ನೂಲಿನ ಬಟ್ಟೆ. ಹಾರೋವಾಗ ಸಡಿಲ ಬಟ್ಟೆ ಹಗ್ಗಕ್ಕೆ ಸಿಕ್ಕಿಕೊಂಡ್ರೆ ಜೀವಕ್ಕೇ ಅಪಾಯ. ಜೊತೆಗೆ, ದೂರದ ಸಾಲಿನಲ್ಲಿ ಕೂತವನಿಗೂ ಮೈಕಟ್ಟು ಕಾಣಬೇಕು. ಆ ಬಟ್ಟೆಗೆ ಇವತ್ತಿಗೂ ಅವನ ಹೆಸರೇ ಉಳಿದಿದೆ: ಲಿಯೋಟಾರ್ಡ್. ಅಂದ್ರೆ ಬಿಗಿ ಉಡುಪು ಶುರುವಾಗಿದ್ದು ಶೋಕಿಗಲ್ಲ. ಅದು ಕೆಲಸದ ಬಟ್ಟೆ, ನಮ್ಮ ಗರಡಿ ಮನೆಯ ಪೈಲ್ವಾನರ ಲಂಗೋಟಿ ಇದ್ದ ಹಾಗೆ.

ಸರ್ಕಸ್ಸಿನ ಬಲಭೀಮರು, ಕುಸ್ತಿಯವರು ಇಂಥ ಬಿಗಿ ಬಟ್ಟೆಯ ಮೇಲೆ ಒಂದು ಚಡ್ಡಿ ಏರಿಸ್ತಿದ್ರು. ಕಾರಣ ನೀವೇ ಊಹಿಸಬಹುದು. ಸಾವಿರ ಜನರ ಮುಂದೆ ಗುಂಡೆತ್ತುವಾಗ ಹೊಲಿಗೆ ಬಿಟ್ಟರೆ ಮಾನ ಉಳಿಸೋಕೆ ಇನ್ನೊಂದು ಪದರ ಬೇಕಲ್ಲ!

ಕೈಯಲ್ಲಿ ಸ್ಮಾರ್ಟ್‌ಫೋನಿಲ್ಲದ ಆ ಕಾಲದಲ್ಲಿ 'ಮಹಾ ಬಲಶಾಲಿ' ಅಂದ ಕೂಡಲೇ ಕಣ್ಮುಂದೆ ಬರ್ತಿದ್ದ ಚಿತ್ರ ಇದೇ. ಅಮೆರಿಕದ ಕ್ಲೀವ್‌ಲ್ಯಾಂಡ್ ಊರಿನ ಜೆರ್ರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರು ಹುಟ್ಟಿಸಿದ ಸೂಪರ್‌ಮ್ಯಾನ್ 1938ರ ಜೂನ್ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡಾಗ ಮೈಮೇಲಿದ್ದಿದ್ದು ಆ ಸರ್ಕಸ್ ಬಟ್ಟೆಯೇ. ಬೆನ್ನಿಗೊಂದು ಕೆಂಪು ಕೇಪ್ ಸೇರಿತು. ಯಾಕೆ? ಚಿತ್ರ ಬರೆದ ಶುಸ್ಟರ್ ಕೊಟ್ಟ ಕಾರಣ ಸರಳ: ಕೇಪ್ ಇದ್ದರೆ ಚಲನೆ ತೋರಿಸೋದು ಸುಲಭ. ಕಾಗದದ ಮೇಲಿನ ಮನುಷ್ಯ ಅಲ್ಲಾಡೋದಿಲ್ಲ. ಬಟ್ಟೆ ಹಿಂದಕ್ಕೆ ಹಾರಿದ್ರೆ ಮನುಷ್ಯ ಮುಂದಕ್ಕೆ ಹೋಗ್ತಿದ್ದಾನೆ ಅಂತ ಓದೋನಿಗೆ ಗೊತ್ತಾಗುತ್ತೆ.

ಬಣ್ಣದ್ದೂ ಅದೇ ಕಥೆ. ಅಗ್ಗದ ಕಾಗದ, ಅಗ್ಗದ ಮುದ್ರಣ. ಕೆಂಪು, ನೀಲಿ, ಹಳದಿ ಎದ್ದು ಕಾಣ್ತವೆ, ಸೂಕ್ಷ್ಮ ಬಣ್ಣಗಳು ಕಲಸಿಹೋಗ್ತವೆ. 1962ರಲ್ಲಿ ಬಂದ ಹಲ್ಕ್ ಮೊದಲ ಸಂಚಿಕೆಯಲ್ಲಿ ಬೂದು ಬಣ್ಣದವನು. ಬೂದು ಪುಟದಿಂದ ಪುಟಕ್ಕೆ ಬೇರೆ ಬೇರೆಯಾಗಿ ಅಚ್ಚಾಗಿ ಬಂತು. ಎರಡನೇ ಸಂಚಿಕೆಗೆ ಹಲ್ಕ್ ಹಸಿರಾದ. ಅಷ್ಟು ದೊಡ್ಡ ದೈತ್ಯನ ಚರ್ಮದ ಬಣ್ಣ ತೀರ್ಮಾನ ಮಾಡಿದ್ದು ಒಂದು ಪ್ರಿಂಟಿಂಗ್ ಪ್ರೆಸ್ ನೋಡಿ!

ಸಾಫ್ಟ್‌ವೇರಿನವನಾದ ನನಗೆ ಇಲ್ಲಿ ಒಂದು ಪರಿಚಿತ ವಾಸನೆ ಬರುತ್ತೆ. ನಮ್ಮಲ್ಲಿ ಯಾವ ಕೆಲಸ ಶುರುವಾದರೂ ಮೊದಲ ಪ್ರಶ್ನೆ, "ಇದನ್ನ ಬಳಸೋರು ಯಾರು?" ಸೂಪರ್‌ಹೀರೋ ಬಟ್ಟೆ ಅವ್ಯಾವಹಾರಿಕ ಅಂತ ಎಲ್ಲರೂ ಬೈತಾರೆ. ನನ್ನ ಪ್ರಕಾರ ಅದು ತುಂಬಾ ವ್ಯಾವಹಾರಿಕ. ಆದರೆ ತೊಡೋನಿಗಲ್ಲ. ಬರೆಯೋನಿಗೆ, ಅಚ್ಚು ಹಾಕೋನಿಗೆ, ನೋಡೋನಿಗೆ. ಕಾಗದದ ಮೇಲಿರೋವರೆಗೆ ಅದರಿಂದ ತೊಂದರೆ ಇರಲಿಲ್ಲ, ಯಾಕಂದ್ರೆ ತೊಡೋನೇ ಇರಲಿಲ್ಲ.

ತೊಡೋನು ಬಂದಾಗ ಫಜೀತಿ ಶುರು. 1952ರಲ್ಲಿ ಜಾರ್ಜ್ ರೀವ್ಸ್ ಟಿವಿಯಲ್ಲಿ ಸೂಪರ್‌ಮ್ಯಾನ್ ಆದಾಗ ಟಿವಿ ಕಪ್ಪು ಬಿಳುಪು. ನೀಲಿ, ಕೆಂಪು ಎರಡೂ ಒಂದೇ ಥರ ಕಾಣುತ್ತವಂತ ಮೊದಮೊದಲು ಬೂದು, ಕಂದು ಬಣ್ಣದ ಉಡುಪು ತೊಡಿಸಿದ್ರು. 1989ರ ಬ್ಯಾಟ್‌ಮ್ಯಾನ್ ಸಿನಿಮಾದಲ್ಲಿ ಮೈಕಲ್ ಕೀಟನ್‌ಗೆ ಕಪ್ಪು ರಬ್ಬರಿನ ಕವಚ ಬಂತು. ನೋಡೋಕೆ ಭರ್ಜರಿ. ಆದರೆ ತಲೆಗವಸು ಭುಜಕ್ಕೆ ಸೇರಿಕೊಂಡಿತ್ತು, ಕತ್ತು ತಿರುಗ್ತಿರಲಿಲ್ಲ. ಪಕ್ಕಕ್ಕೆ ನೋಡಬೇಕಂದ್ರೆ ಇಡೀ ಮೈ ತಿರುಗಬೇಕು. ಹಿಂದೆ ಕಳ್ಳ ನಿಂತಿದ್ರೆ ಬ್ಯಾಟ್‌ಮ್ಯಾನ್‌ಗೆ ಗೊತ್ತೇ ಆಗಲ್ಲ! 2008ರ 'ದ ಡಾರ್ಕ್ ನೈಟ್' ಸಿನಿಮಾದಲ್ಲಿ ಬ್ಯಾಟ್‌ಮ್ಯಾನನೇ ತನ್ನ ಉಡುಪು ಮಾಡಿಕೊಡೋನ ಹತ್ರ, ಕತ್ತು ತಿರುಗೋ ಹಾಗಿರಬೇಕು ಅಂತ ಕೇಳ್ತಾನೆ. ಹತ್ತೊಂಬತ್ತು ವರ್ಷ ಬೇಕಾಯ್ತು ಅಷ್ಟು ಕೇಳೋಕೆ.

ಕೇಪಿನ ಅಪಾಯವನ್ನ ಕಾಮಿಕ್ಸಿನವರೇ ಗುರುತಿಸಿದ್ರು. 1986ರಲ್ಲಿ ಶುರುವಾದ 'ವಾಚ್‌ಮೆನ್' ಕಥೆಯಲ್ಲಿ ಒಬ್ಬ ಹೀರೋನ ಕೇಪ್ ಬ್ಯಾಂಕಿನ ತಿರುಗುಬಾಗಿಲಿಗೆ ಸಿಕ್ಕಿಕೊಂಡು ಅವನು ಗುಂಡಿಗೆ ಬಲಿಯಾಗ್ತಾನೆ. 2004ರ 'ದ ಇನ್‌ಕ್ರೆಡಿಬಲ್ಸ್' ಚಿತ್ರದ ದರ್ಜಿ ಎಡ್ನಾ ಕೇಪ್ ಹೊಲಿಯೋಕೆ ಖಡಾಖಂಡಿತ ಒಪ್ಪೋದಿಲ್ಲ. ಇದು ಬರೀ ಕಥೆಯಲ್ಲ. 1927ರಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಹೆಸರಾಂತ ನರ್ತಕಿ ಇಸಡೋರಾ ಡಂಕನ್ ಸತ್ತಿದ್ದು ಕುತ್ತಿಗೆಯ ಉದ್ದನೆ ಶಾಲು ಕಾರಿನ ಚಕ್ರಕ್ಕೆ ಸುತ್ತಿಕೊಂಡು. ನಮ್ಮ ಬೈಕುಗಳ ಹಿಂದಿನ ಚಕ್ರದ ಪಕ್ಕ ಇರೋ ಕಂಬಿ ಯಾಕಂತ ಯೋಚಿಸಿದ್ದೀರಾ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಅದಕ್ಕೊಂದು ನಿಯಮವೇ ಇದೆ. ಹಿಂದೆ ಕೂತವರ ಬಟ್ಟೆ ಚಕ್ರಕ್ಕೆ ಸಿಗಬಾರದು ಅಂತ ಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು. ಸೀರೆ ಉಡೋರು ಸೀರೆ ಬಿಡೋದಿಲ್ಲ, ಆದ್ದರಿಂದ ಬೈಕೇ ಬದಲಾಗಲಿ ಅಂದ ನಿಯಮ ಇದು. ತೊಡೋರನ್ನ ಮೊದಲು ನೆನೆದ ವಿನ್ಯಾಸ ಅಂದ್ರೆ ಇದು.

ನಮ್ಮ ಶಕ್ತಿಮಾನ್‌ಗೂ ಕೇಪ್ ಇರಲಿಲ್ಲ, ನೆನಪಿದೆಯಾ? ಬುಗುರಿ ಥರ ಗಿರಗಿರ ತಿರುಗೋನು. ಕೇಪ್ ಇದ್ದಿದ್ರೆ ಕುತ್ತಿಗೆಗೇ ಸುತ್ತಿಕೊಳ್ತಿತ್ತು! 1997ರ ನಂತರದ ಆ ದಿನಗಳಲ್ಲಿ ಊರಿನ ಒಂದೇ ಟಿವಿ ಮುಂದೆ ಕೂತು ನೋಡ್ತಿದ್ದ ನಮಗೆ ಇದೆಲ್ಲ ಹೊಳೀತಿರಲಿಲ್ಲ ಬಿಡಿ.

ಹಾಗಾದರೆ ಇವತ್ತಿನ ಕಾಲಕ್ಕೆ ನಿಜವಾದ ಸೂಪರ್‌ಹೀರೋ ಬಟ್ಟೆ ಹೊಲಿಯೋದು ಹೇಗೆ? ಸಾಮಗ್ರಿಗೆ ಬರ ಇಲ್ಲ. ಎಳೆದಷ್ಟೂ ಹಿಗ್ಗೋ ಲೈಕ್ರಾ 1958ರಲ್ಲಿ ಬಂತು. 1965ರಲ್ಲಿ ಸ್ಟೆಫನಿ ಕ್ವೋಲೆಕ್ ಎಂಬ ವಿಜ್ಞಾನಿ ಕಂಡುಹಿಡಿದ ನೂಲಿನಿಂದ ಗುಂಡು ತಡೆಯೋ ಕೆವ್ಲಾರ್ ಬಂತು. ಬೆಂಕಿ ತಡೆಯೋ ನೋಮೆಕ್ಸ್ ಇದೆ. ಕಷ್ಟ ಇರೋದು ಒಳಗಿನ ಮನುಷ್ಯನದ್ದು. ಜೋರಾಗಿ ದುಡಿಯೋ ಮೈಯಿಂದ ನಾಲ್ಕೈದು ನೂರು ವಾಟ್‌ನಷ್ಟು ಶಾಖ ಹೊರಗೆ ಬರುತ್ತೆ. ಅದನ್ನ ಮುಚ್ಚಿಟ್ಟರೆ ಒಳಗಿದ್ದೋನು ಬೇಯ್ತಾನೆ. ಬಾಹ್ಯಾಕಾಶ ನಡಿಗೆಯ ಉಡುಪಿನೊಳಗೆ ಸುಮಾರು 90 ಮೀಟರ್ ಉದ್ದದ ಸಣ್ಣ ಕೊಳವೆಗಳಲ್ಲಿ ತಣ್ಣೀರು ಹರಿಸೋದು ಇದಕ್ಕೇ.

ಅಳತೆಯೂ ಒಂದು ದೊಡ್ಡ ವಿಷಯ. 2019ರ ಮಾರ್ಚಿನಲ್ಲಿ ಇಬ್ಬರು ಮಹಿಳೆಯರೇ ಬಾಹ್ಯಾಕಾಶ ನಡಿಗೆ ಮಾಡೋದಿತ್ತು. ಇಬ್ಬರಿಗೂ ಬೇಕಿದ್ದದ್ದು ಮಧ್ಯಮ ಅಳತೆಯ ಎದೆಕವಚ. ಬಳಕೆಗೆ ಸಿದ್ಧವಿದ್ದದ್ದು ಒಂದೇ. ಕಾರ್ಯಕ್ರಮ ಬದಲಾಯ್ತು, ಮಹಿಳೆಯರ ಜೋಡಿ ಹೊರಗೆ ಕಾಲಿಟ್ಟದ್ದು ಅಕ್ಟೋಬರಿನಲ್ಲಿ. ಚಂದ್ರನಿಗೆ ಮನುಷ್ಯರನ್ನ ಕಳಿಸಿದವರೂ ಬಟ್ಟೆಯ ಅಳತೆ ಹತ್ರ ಬಂದು ನಿಂತ್ಕೊಂಡ್ರು.

2020ರಲ್ಲಿ ಇದು ನಮ್ಮ ಮನೆ ಬಾಗಿಲಿಗೇ ಬಂತು. ಪಿಪಿಇ ಕಿಟ್ ತೊಟ್ಟ ನರ್ಸುಗಳು, ಡಾಕ್ಟರುಗಳು ಗಂಟೆಗಟ್ಟಲೆ ನೀರು ಕುಡಿಯದೆ, ಶೌಚಾಲಯಕ್ಕೆ ಹೋಗದೆ, ಬೆವರಲ್ಲಿ ನೆನೆದು ಕೆಲಸ ಮಾಡಿದ್ರು. ನಾವು ಅವರನ್ನ ಸೂಪರ್‌ಹೀರೋ ಅಂತ ಕರೆದು ಚಪ್ಪಾಳೆ ತಟ್ಟಿದ್ವಿ. ಬಟ್ಟೆ ಬಿಚ್ಚದೆ ನೀರು ಕುಡಿಯೋದು ಹೇಗೆ ಅಂತ ಯೋಚಿಸಿದವರು ಕಮ್ಮಿ.

ಇನ್ನು ಮೋರಿಗೆ, ಮ್ಯಾನ್‌ಹೋಲಿಗೆ ಇಳಿಯೋರಿಗೆ ಅದೂ ಇಲ್ಲ. ರಕ್ಷಣೆಯ ಉಡುಪಿಲ್ಲದೆ ಯಾರನ್ನೂ ಇಳಿಸಬಾರದು ಅಂತ 2013ರ ಕಾನೂನು ಹೇಳುತ್ತೆ. ಕೋಲಾರದ ಕೆಜಿಎಫ್‌ನ ಬೆಜವಾಡ ವಿಲ್ಸನ್ ಮುಂದಾಳಾಗಿರೋ ಸಫಾಯಿ ಕರ್ಮಚಾರಿ ಆಂದೋಲನದ ಮೊಕದ್ದಮೆಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟು, 1993ರಿಂದ ಮೋರಿಯಲ್ಲಿ ಸತ್ತವರ ಮನೆಯವರಿಗೆ 10 ಲಕ್ಷ ರೂಪಾಯಿ ಕೊಡಿ ಅಂದಿತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಏರಿಸಬೇಕಾಗಿ ಬಂತು ಅಂದ್ರೆ ಸಾವು ನಿಂತಿಲ್ಲ ಅಂತ ಅರ್ಥ. ನಾವು ಮಂಗಳಯಾನಕ್ಕೆ ನೌಕೆ ಕಳಿಸಿದ್ದೂ 2013ರಲ್ಲೇ. ಹಾಗಿರುವಾಗ ಗಾಳಿ ಕೊಡೋ ಒಂದು ಮುಖಗವಸು, ಸರಿ ಅಳತೆಯ ಬೂಟು ನಮ್ಮ ಕೈಲಾಗದ ಕೆಲಸ ಅಂತ ನಾನಂತೂ ನಂಬೋದಿಲ್ಲ. ಹೋಗಲಿ, ಮನುಷ್ಯ ಇಳಿಯೋದೇ ಬೇಡ, ಯಂತ್ರ ಇಳೀಲಿ ಅಂದ್ರೆ ಇನ್ನೂ ಒಳ್ಳೇದು. ಎಲ್ಲಕ್ಕಿಂತ ವ್ಯಾವಹಾರಿಕ ಬಟ್ಟೆ ಅಂದ್ರೆ ತೊಡೋ ಅಗತ್ಯವೇ ಬೀಳದ ಬಟ್ಟೆ.

ಕೊನೆಗೊಂದು ಕಾಕತಾಳೀಯ. ಹಗಲ ಬೆಳಕಲ್ಲಿ ಎದ್ದು ಕಾಣೋ ಫ್ಲೂರೊಸೆಂಟ್ ಬಣ್ಣಗಳನ್ನ ರೂಢಿಗೆ ತಂದವರು ಸ್ವಿಟ್ಜರ್ ಎಂಬ ಅಣ್ಣತಮ್ಮಂದಿರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರು ಮಾಡಿ, ಆಮೇಲೆ ಕಂಪನಿ ಬೆಳೆಸಿದ್ದು ಕ್ಲೀವ್‌ಲ್ಯಾಂಡಿನಲ್ಲಿ. ಹೌದು, ಸೂಪರ್‌ಮ್ಯಾನ್ ಹುಟ್ಟಿದ ಅದೇ ಊರು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಕಾಣಲಿ ಅಂತ ನೆಲದ ಸೈನಿಕರು ಹಾಸ್ತಿದ್ದ ಬಟ್ಟೆಗೆ ಆ ಬಣ್ಣ ಬಳಸಿದ್ರು. ಈಗ ಅದು ರಸ್ತೆ ಕೆಲಸದವರ, ಟ್ರಾಫಿಕ್ ಪೊಲೀಸರ, ಬೆಳಗಿನ ಜಾವ ಬೀದಿ ಗುಡಿಸೋ ಪೌರಕಾರ್ಮಿಕರ ಜಾಕೆಟ್ಟಿನ ಮೇಲಿದೆ.

ಒಂದೇ ಊರಿನಿಂದ ಎರಡು ಥರದ ಕಣ್ಣು ಕುಕ್ಕೋ ಬಟ್ಟೆ ಜಗತ್ತಿಗೆ ಬಂತು. ಒಂದು ನಮ್ಮ ಕಣ್ಣಿಗೆ ಹಬ್ಬ ಆಗಲಿ ಅಂತ. ಇನ್ನೊಂದು, ಅದನ್ನ ತೊಟ್ಟವರ ಮೇಲೆ ನಮ್ಮ ಗಾಡಿ ಹತ್ತದಿರಲಿ ಅಂತ. ಮೊದಲನೆಯದರ ಚಡ್ಡಿ ಬಗ್ಗೆ ಎಂಬತ್ತು ವರ್ಷಕ್ಕೂ ಮಿಕ್ಕಿ ಮಾತಾಡಿದ್ದಾಯ್ತು. ಎರಡನೆಯದನ್ನ ತೊಟ್ಟವರ ಕಾಲಲ್ಲಿ ಬೂಟಿದೆಯಾ, ಕೈಯಲ್ಲಿ ಗವಸಿದೆಯಾ ಅಂತ ನಾಳೆ ಬೆಳಿಗ್ಗೆ ಒಮ್ಮೆ ನೋಡಿ.