ತಾಂಡಾದ ನುಡಿ, ಗಣತಿಯ ಪಟ್ಟಿ

ದೇವದುರ್ಗದ ಸಂತೆಯಲ್ಲಾಗಲಿ, ಮಾನ್ವಿಯ ಬಸ್ ನಿಲ್ದಾಣದಲ್ಲಾಗಲಿ, ಕನ್ನಡ, ತೆಲುಗು, ಉರ್ದುಗಳ ನಡುವೆ ಬೇರೊಂದು ನುಡಿ ಕಿವಿಗೆ ಬೀಳುವುದುಂಟು. ನಾವು ಅದನ್ನು ಲಂಬಾಣಿ ಎನ್ನುತ್ತೇವೆ. ಆಡುವವರು ‘ಗೋರ್ ಬೋಲಿ’ ಎನ್ನುತ್ತಾರೆ. ಅವರಿಗೆ ತಮ್ಮ ಜನ ‘ಗೋರ್’, ಉಳಿದವರೆಲ್ಲ ‘ಕೋರ್’. ಈ ಲೇಖನವನ್ನು ಓದುತ್ತಿರುವವರಲ್ಲಿ ಬಹುಮಂದಿ ಕೋರ್‌ಗಳೇ ಆಗಿರಬೇಕು!

ಉತ್ತರದ ಈ ನುಡಿಯನ್ನು ದಕ್ಷಿಣಕ್ಕೆ ತಂದವು ಹೇರೆತ್ತುಗಳು. ದವಸ, ಉಪ್ಪು ಸಾಗಿಸುತ್ತ ಲಂಬಾಣಿಗರು ಸೇನೆಗಳ ಬೆನ್ನಿಗೆ ದಖ್ಖನಿಗಿಳಿದರು. 1791-92ರಲ್ಲಿ ಶ್ರೀರಂಗಪಟ್ಟಣದ ಮೇಲೆ ನಡೆದ ಕಾರ್ನ್‌ವಾಲಿಸನ ದಂಡಿಗೆ ಧಾನ್ಯ ಒದಗಿಸಿದವರಲ್ಲಿ ಅವರೂ ಇದ್ದರು. 1871ರಲ್ಲಿ ಮುಂಬಯಿ ಮತ್ತು ಮದರಾಸಿನ ರೈಲುಹಳಿಗಳು ನಮ್ಮ ರಾಯಚೂರಿನಲ್ಲೇ ಕೂಡಿಕೊಂಡವು. ಅಂತಹ ರೈಲುಗಳ ಮುಂದೆ ಎತ್ತಿನ ಬೆನ್ನಿನ ವ್ಯಾಪಾರ ಉಳಿಯಲಿಲ್ಲ. ಅಲೆಯುತ್ತಿದ್ದವರು ತಾಂಡಾಗಳಲ್ಲಿ ನೆಲೆನಿಂತರು. ಮಾತು ಮಾತ್ರ ಉಳಿಯಿತು.

ಆ ಮಾತಿನ ಗುಣವನ್ನು ಒಂದಿಷ್ಟು ಗಮನಿಸೋಣ. ಕನ್ನಡದಲ್ಲಿ ಕುದುರೆ ಗಂಡಾದರೂ ಹೆಣ್ಣಾದರೂ ‘ಕಪ್ಪು’ ಎಂಬ ಪದ ಬದಲಾಗದು. ಇಲ್ಲಿ ಗಂಡಿಗೆ ‘ಕಾಳೋ ಘೋಡೋ’, ಹೆಣ್ಣಿಗೆ ‘ಕಾಳಿ ಘೋಡಿ’. ವಿಶೇಷಣವು ನಾಮಪದದ ಲಿಂಗವನ್ನು ಅನುಸರಿಸುತ್ತದೆ. ಹಿಂದಿಯಲ್ಲಿಯೂ ಹೀಗೆಯೇ ಅಲ್ಲವೇ ಎನ್ನಬಹುದು. ಹೌದು, ಆದರೆ ಹಿಂದಿಯಲ್ಲಿ ಅದು ‘ಕಾಲಾ ಘೋಡಾ’. ಹಿಂದಿಯ ‘ಆ’ ಇರುವೆಡೆ ಇಲ್ಲಿ ‘ಓ’. ಹಿಂದಿಯಲ್ಲಿ ‘ಹೈ’ ಬರುವೆಡೆ ಇಲ್ಲಿ ‘ಛ’. ನೀರು ಹಿಂದಿಗೆ ‘ಪಾನೀ’, ತಾಂಡಾಕ್ಕೆ ‘ಪಾಣಿ’. ಈ ಲಕ್ಷಣಗಳೆಲ್ಲ ರಾಜಸ್ಥಾನ, ಗುಜರಾತುಗಳ ಕಡೆಗೆ ಬೊಟ್ಟು ಮಾಡುತ್ತವೆ. ಶಿಷ್ಟ ಹಿಂದಿ ಕಳೆದುಕೊಂಡಿರುವ ಳಕಾರವನ್ನು ಗೋರ್ ಬೋಲಿ ಕಾಪಾಡಿಕೊಂಡಿದೆ. ಸ್ವಂತ ಲಿಪಿಯಿಲ್ಲದ ಈ ನುಡಿಯನ್ನು ಕರ್ನಾಟಕದಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆಯುವಾಗ ‘ಳ’, ‘ಣ’ಗಳಿಗಾಗಿ ತಡಕಾಡಬೇಕಾಗಿಲ್ಲ.

ಗ್ರಿಯರ್ಸನ್ ತಮ್ಮ ಭಾರತೀಯ ಭಾಷಾ ಸಮೀಕ್ಷೆಯ 1907ರ ಸಂಪುಟದಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವನ್ನೇ ಕೊಟ್ಟರು. ಆದರೆ ಆ ಸಮೀಕ್ಷೆ ನಿಜಾಮರ ಹೈದರಾಬಾದ್ ಸಂಸ್ಥಾನವನ್ನು ಒಳಗೊಳ್ಳಲಿಲ್ಲವಾದ್ದರಿಂದ, ಅಂದು ಅದಕ್ಕೆ ಸೇರಿದ್ದ ರಾಯಚೂರಿನ ತಾಂಡಾಗಳ ಮಾತು ಅದರಲ್ಲಿ ದಾಖಲಾಗಲಿಲ್ಲ. 1970ರಲ್ಲಿ ರೊನಾಲ್ಡ್ ಟ್ರೇಲ್ ಎಂಬ ವಿದ್ವಾಂಸರ ಲಮಾಣಿ ವ್ಯಾಕರಣ ಪ್ರಕಟವಾಯಿತು.

ಇಷ್ಟಾದರೂ 2011ರ ಜನಗಣತಿಯಲ್ಲಿ ಲಮಾಣಿ/ಲಂಬಾಡಿಯನ್ನು ಮಾತೃಭಾಷೆಯೆಂದು ಹೇಳಿಕೊಂಡ 32,76,548 ಜನರನ್ನು ‘ಹಿಂದಿ’ಯ ಗುಂಪಿಗೆ ಸೇರಿಸಲಾಯಿತು. ಲೆಕ್ಕದ ಅನುಕೂಲಕ್ಕಾಗಿ ಮಾಡಿದ್ದಿರಬಹುದು. ಆದರೂ ವ್ಯಾಕರಣ ಒಪ್ಪದ ಲೆಕ್ಕವಿದು. ನಮ್ಮ ಓದುಗರಲ್ಲಿ ಕೆಲವರ ಮನೆಮಾತಾದ ಕೊಂಕಣಿಯೂ ಮರಾಠಿಯ ಉಪಭಾಷೆಯೆನಿಸಿಕೊಂಡಿತ್ತು. ಅದು ಸಾಹಿತ್ಯ ಅಕಾಡೆಮಿಯ ಮನ್ನಣೆಗೆ 1975ರವರೆಗೆ, ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ 1992ರವರೆಗೆ ಕಾದುದನ್ನು ಬಲ್ಲವರಿಗೆ ಈ ಸಂಕಟ ಹೊಸದಲ್ಲ.

ಗೋರ್ ಬೋಲಿಗೆ ಕಾಯುವಷ್ಟು ಸಮಯವಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಬೇಸಗೆ ಬಂತೆಂದರೆ ತಾಂಡಾದ ಮನೆಗಳಿಗೆ ಬೀಗ ಬೀಳುತ್ತದೆ. ಸಂಸಾರಗಳು ಬೆಂಗಳೂರಿಗೋ ಪುಣೆಗೋ ಗುಳೆ ಹೋಗುತ್ತವೆ. ಊರಲ್ಲಿ ಉಳಿದ ಮಗು ಕನ್ನಡ ಶಾಲೆಗೆ ಹೋಗಿ ಬಂದು ಅಜ್ಜಿಯೊಂದಿಗೆ ‘ಪಾಣಿ’ ಎನ್ನುತ್ತದೆ. ಕಟ್ಟಡದ ಶೆಡ್ಡಿನಲ್ಲಿ ಬೆಳೆಯುವ ಮಗುವಿನ ಬಳಿ ಆ ಅಜ್ಜಿ ಇರುವುದಿಲ್ಲ.