ಕಡಲ ನಡುವೆ ಬಾಯಾರಿದ ಯಂತ್ರ

1984ರ ಬೇಸಗೆಯ ಒಂದು ಭಾನುವಾರ. ಅಲಿಬಾಗನ್ನು ನೋಡಿ ಬರೋಣವೆಂದು ನಾವು ನಾಲ್ಕೈದು ಕನ್ನಡ ಕುಟುಂಬದವರು ಮುಂಬಯಿಯ ಭಾವೂಚಾ ಧಕ್ಕಾದಿಂದ ರೇವಸ್ ಕಡೆಗೆ ಹೋಗುವ ಲಾಂಚನ್ನು ಹತ್ತಿದ್ದೆವು. ಬುತ್ತಿಯ ಗಂಟನ್ನು ಬಿಚ್ಚುವ ಹೊತ್ತಿಗೆ ಸರಿಯಾಗಿ ಇಂಜಿನ್ನಿನ ಸದ್ದು ನಿಂತಿತು. ಕೆಳಗಿನಿಂದ ಕಾದ ಎಣ್ಣೆಯ ವಾಸನೆ ಬಂತು. ಇಂಜಿನ್ನು ಬಿಸಿಯಾಗಿದೆ, ಹೆದರಬೇಡಿ ಎಂದು ತಾಂಡೇಲರು ಮರಾಠಿಯಲ್ಲಿ ಹೇಳಿ ಲಂಗರು ಇಳಿಸಿದರು. ನಮ್ಮ ಜೊತೆಗಿದ್ದ ಹಿರಿಯರೊಬ್ಬರಿಗೆ ಆಶ್ಚರ್ಯ: "ಅಲ್ಲ ಮಾರಾಯರೇ, ಸುತ್ತ ಇಷ್ಟು ನೀರಿದೆ. ಇದರ ನಡುವೆ ಇಂಜಿನ್ನು ಕಾಯುವುದು ಹೇಗೆ?"

ಮಲ್ಪೆಯ ಕಡೆಯವರಾದ ನಮ್ಮ ಇನ್ನೊಬ್ಬ ಗೆಳೆಯರು, "ಇಂಜಿನ್ನು ನಿಲ್ಲುವ ಮೊದಲೇ ಬದಿಯ ಕೊಳವೆಯಿಂದ ನೀರು ಬೀಳುವುದು ನಿಂತಿತ್ತು, ನಾನು ನೋಡಿದೆ" ಎಂದಷ್ಟೇ ಹೇಳಿ ಸುಮ್ಮನಾದರು. ಆ ಹಿರಿಯರ ಪ್ರಶ್ನೆ ಸಣ್ಣದಲ್ಲವೆಂದು ನಮಗೆ ತಿಳಿದದ್ದು ಆಮೇಲೆ. ಕಡಲಿಗೆ ಯಂತ್ರದ ಹಡಗು ಇಳಿದಂದಿನಿಂದಲೂ ಮನುಷ್ಯ ಅದಕ್ಕೆ ಉತ್ತರ ಹುಡುಕುತ್ತ ಬಂದಿದ್ದಾನೆ.

ಮೊದಲು ಬಂದದ್ದು ಉಗಿಯಂತ್ರ. ಕೊಂತವನ್ನು ತಳ್ಳಿದ ಉಗಿಯನ್ನು ಮತ್ತೆ ತಣಿಸಿ ನೀರು ಮಾಡಬೇಕು. ಈ ಕೆಲಸಕ್ಕೆ ಕಂಡೆನ್ಸರ್ ಎಂಬ ಬೇರೆಯೇ ಪಾತ್ರೆಯನ್ನು ಜೋಡಿಸಿ ಜೇಮ್ಸ್ ವಾಟ್ 1769ರಲ್ಲಿ ಪೇಟೆಂಟ್ ಪಡೆದ. ಹಡಗಿನವರಿಗೆ ತಣ್ಣೀರಿನ ಬರವೆಲ್ಲಿ? ಕಡಲ ನೀರನ್ನೇ ಉಗಿಯ ಮೇಲೆ ಚಿಮುಕಿಸಿದರು. ಉಗಿ ನೀರಾಯಿತು, ಕಡಲ ನೀರಿನೊಡನೆ ಬೆರೆಯಿತು, ಆ ಬೆರಕೆಯೇ ಮತ್ತೆ ಬಾಯ್ಲರಿಗೆ ಹೋಯಿತು. ತೊಂದರೆ ಹುಟ್ಟಿದ್ದು ಅಲ್ಲಿಯೇ.

ಒಂದು ಲೀಟರು ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರು ಉಗಿಯಾಗಿ ಹೋಗುತ್ತದೆ, ಲವಣ ಉಳಿಯುತ್ತದೆ. ಅದರಲ್ಲಿಯೂ ಕ್ಯಾಲ್ಸಿಯಂ ಸಲ್ಫೇಟಿನ ಗುಣ ವಿಚಿತ್ರ. ಬಾಯ್ಲರಿನಲ್ಲಿ ನೀರು ಕಾದಷ್ಟೂ ಅದು ಕರಗುವುದು ಕಡಿಮೆಯಾಗಿ, ಎಲ್ಲಿ ಬಿಸಿ ಹೆಚ್ಚೋ ಅಲ್ಲಿಯೇ ಕಲ್ಲಿನಂತೆ ಅಂಟಿಕೊಳ್ಳುತ್ತದೆ. ಊರಿನ ಬಚ್ಚಲುಮನೆಯ ಹಂಡೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಡಸು ನೀರಿನ ಊರುಗಳಲ್ಲಿ ಹಂಡೆಯ ಒಳಗೆ ಬಿಳಿಯ ಪದರ ಕಟ್ಟಿದಾಗ, ಎಷ್ಟು ಕಟ್ಟಿಗೆ ಒಟ್ಟಿದರೂ ನೀರು ಬೇಗ ಕಾಯುವುದಿಲ್ಲ. ಹಡಗಿನಲ್ಲಿ ಇದು ಪ್ರಾಣಕ್ಕೇ ಬರುತ್ತಿತ್ತು. ಹೊರಗಡೆ ಬೆಂಕಿ, ಒಳಗಡೆ ನೀರು, ನಡುವೆ ಕಬ್ಬಿಣದ ತಗಡು. ಲವಣದ ಪದರ ಬೆಳೆದು ನೀರು ತಗಡನ್ನು ಮುಟ್ಟದಾದರೆ ತಗಡು ಕಾದು ಕೆಂಪಾಗಿ, ಮೆತ್ತಗಾಗಿ, ಉಬ್ಬಿ ಒಡೆಯುತ್ತಿತ್ತು. ಬಾಯ್ಲರಿನ ತುಂಬ ನೀರಿದ್ದೂ ತಗಡು ಸುಡುತ್ತಿತ್ತು.

ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳ, ಆದರೆ ದುಬಾರಿ. ಆಗಾಗ ಬಾಯ್ಲರಿನ ಉಪ್ಪುನೀರಿನಲ್ಲಿ ಒಂದಷ್ಟನ್ನು ಹೊರಕ್ಕೆ ಬಿಟ್ಟು, ಅಷ್ಟೇ ಹೊಸ ನೀರನ್ನು ತುಂಬುವುದು. ಬಂದರು ಸೇರಿದ ಮೇಲೆ ಬೆಂಕಿ ಆರಿಸಿ, ಆಳುಗಳು ಬಾಯ್ಲರಿನೊಳಗೆ ತೆವಳಿ ಹೋಗಿ ಸುತ್ತಿಗೆಯಿಂದ ಪದರವನ್ನು ಕೆತ್ತುವುದು. ಹೊರಬಿಟ್ಟ ಪ್ರತಿ ಕೊಡ ಬಿಸಿನೀರೂ ಸುಟ್ಟ ಕಲ್ಲಿದ್ದಲಿನ ನಷ್ಟವೇ.

ಆ ಕಾಲದಲ್ಲಿ ಕಲ್ಲಿದ್ದಲಿನ ಬೆಲೆ ಏನೆಂಬುದಕ್ಕೆ ನಮ್ಮ ಮುಂಬಯಿಯ ಹಡಗೊಂದೇ ಸಾಕ್ಷಿ. ವಾಡಿಯಾ ಮನೆತನದವರು ಇಲ್ಲಿಯ ಹಡಗುಕಟ್ಟೆಯಲ್ಲಿ ಕಟ್ಟಿದ 411 ಟನ್ನಿನ 'ಹ್ಯೂ ಲಿಂಡ್ಸೆ' 1829ರಲ್ಲಿ ನೀರಿಗಿಳಿಯಿತು. ಅದಕ್ಕೆ ತಲಾ 80 ಅಶ್ವಶಕ್ತಿಯ ಎರಡು ಇಂಜಿನ್ನುಗಳು. 1830ರ ಮಾರ್ಚ್ 20ರಂದು ಮುಂಬಯಿಯಿಂದ ಹೊರಟು ಏಪ್ರಿಲ್ 22ಕ್ಕೆ ಸೂಯೆಜ್ ತಲಪಿತು. ಕಲ್ಲಿದ್ದಲಿಗೆ ಅದರಲ್ಲಿ ಮಾಡಿದ್ದ ಜಾಗ ಐದೂವರೆ ದಿನಗಳಿಗೆ ಮಾತ್ರ, ಏಡನ್ನಿಗೇ ಹನ್ನೊಂದು ದಿನಗಳ ದಾರಿ. ಹಾಗಾಗಿ ಸಿಕ್ಕಸಿಕ್ಕಲ್ಲಿ ಕಲ್ಲಿದ್ದಲು ತುಂಬಿಕೊಂಡೇ ಅದು ಹೊರಡಬೇಕಾಯಿತು.

ನಿಜವಾದ ದಾರಿ ತೋರಿಸಿದವನು ಇಂಗ್ಲೆಂಡಿನ ಸ್ಯಾಮ್ಯುಯೆಲ್ ಹಾಲ್. 1834ರಲ್ಲಿ ಪೇಟೆಂಟ್ ಪಡೆದ ಅವನ ಕಂಡೆನ್ಸರಿನಲ್ಲಿ ಉಗಿಯೂ ಕಡಲ ನೀರೂ ಬೆರೆಯುವುದೇ ಇಲ್ಲ. ಸಣ್ಣ ಕೊಳವೆಗಳ ಗೋಡೆ ಎರಡನ್ನೂ ಬೇರೆಯಾಗಿಡುತ್ತದೆ. ಕಡಲ ನೀರು ಶಾಖವನ್ನು ಮಾತ್ರ ಒಯ್ಯುತ್ತದೆ, ತನ್ನ ಉಪ್ಪನ್ನು ಒಳಗೆ ಬಿಡುವುದಿಲ್ಲ. 1838ರಲ್ಲಿ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕ್ ಸೇರಿದ 'ಸಿರಿಯಸ್' ಹಡಗಿನಲ್ಲಿ ಈ ಏರ್ಪಾಡು ಇತ್ತು. ಆದರೆ ಯಂತ್ರಕ್ಕೆ ಸವರುತ್ತಿದ್ದ ಪ್ರಾಣಿಗಳ ಕೊಬ್ಬು ಉಗಿಯೊಡನೆ ಬಂದು ಕೊಳವೆಗಳಲ್ಲಿ ಅಂಟಿ, ಕೆಲಸ ಕೆಡುತ್ತಿತ್ತು. 1860ರ ದಶಕದವರೆಗೆ ಹಾಲನ ವಿಧಾನ ಸಾರ್ವತ್ರಿಕವಾಗಲಿಲ್ಲ. ಒಳ್ಳೆಯ ಉಪಾಯವಾದರೂ, ನೀರು ಹರಿಯುವ ದಾರಿ ಕಟ್ಟಿಕೊಂಡರೆ ನಿಷ್ಪ್ರಯೋಜಕವೆಂಬ ಪಾಠ ಅಂದೇ ಸಿಕ್ಕಿತು.

ಬಳಿಕ ಡೀಸೆಲ್ ಇಂಜಿನ್ನಿನ ಕಾಲ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ತನ್ನ ಇಂಜಿನ್ನನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ. 1912ರಲ್ಲಿ 'ಸೆಲಾಂಡಿಯಾ' ಎಂಬ ಡೀಸೆಲ್ ಹಡಗು ಡೆನ್ಮಾರ್ಕಿನಿಂದ ಬ್ಯಾಂಕಾಕಿಗೆ ಹೋಗಿ ಬಂತು. ಬಾಯ್ಲರ್ ತಪ್ಪಿತು, ಬಿಸಿ ತಪ್ಪಲಿಲ್ಲ. ಎಣ್ಣೆ ಸುಟ್ಟು ಬರುವ ಶಾಖದಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬಂದು, ಮಿಕ್ಕದ್ದರಲ್ಲಿ ದೊಡ್ಡ ಭಾಗವನ್ನು ತಂಪು ನೀರು ಒಯ್ಯಬೇಕು. ಕಡಲ ನೀರನ್ನೇ ಇಂಜಿನ್ನಿನ ಸುತ್ತ ಹರಿಸಿದರೆ ಲವಣ ಕಟ್ಟದಂತೆ ಅದನ್ನು ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಿ ಇಡಬೇಕಾಗುತ್ತದೆ. ಇನ್ನೊಂದು ವಿಧಾನದಲ್ಲಿ ಇಂಜಿನ್ನಿನೊಳಗೆ ಸಿಹಿನೀರು ಸುತ್ತುತ್ತದೆ, ಅದನ್ನು ಕೊಳವೆಗಳ ಆಚೆಯಿಂದ ಕಡಲ ನೀರು ತಣಿಸುತ್ತದೆ. ಹಾಲನ ಉಪಾಯವೇ ಇಲ್ಲಿ ಬೇರೆ ವೇಷದಲ್ಲಿ ಬಂದಿದೆ.

ನಮ್ಮ ಪಶ್ಚಿಮ ಕರಾವಳಿಯ ಮೀನುಗಾರರಿಗೆ ಈ ಇಂಜಿನ್ನು ಹತ್ತಿರವಾದದ್ದು ಸ್ವಾತಂತ್ರ್ಯದ ನಂತರ. ವಿಶ್ವಸಂಸ್ಥೆ, ನಾರ್ವೆ ಮತ್ತು ಭಾರತ 1952ರಲ್ಲಿ ಮಾಡಿಕೊಂಡ ಒಪ್ಪಂದದಂತೆ ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಮೊದಲಾಯಿತು. ಅಲ್ಲಿ ಯಂತ್ರದ ದೋಣಿಗಳ ಜೊತೆಗೆ ದುರಸ್ತಿಯ ಕಾರ್ಖಾನೆಯೂ ಮಂಜುಗಡ್ಡೆಯ ಘಟಕವೂ ಬಂದವು. ಮುಂದೆ ಯೋಜನೆಯ ಕೆಲಸ ನಮ್ಮ ಕಾರವಾರಕ್ಕೂ ಹಬ್ಬಿತು. 1970ರ ದಶಕದಲ್ಲಿ ಮಲ್ಪೆ, ಮಂಗಳೂರುಗಳಲ್ಲಿ ಪರ್ಸೀನ್ ಬೋಟುಗಳು ಹೆಚ್ಚಿ, ಊರಿಗೆ ಊರೇ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿಯಿತು.

ಇಂಜಿನ್ನು ಬಂದ ಮೇಲೆ ದೂರ ಹೋಗಲು ಸಾಧ್ಯವಾಯಿತು. ಆದರೆ ದೂರ ಹೋದ ಮೇಲೆ ಅದು ಕಾದು ಕಚ್ಚಿಕೊಂಡರೆ? ಬೋಟು ಗಾಳಿಯ, ಪ್ರವಾಹದ ಪಾಲು. ದಡಕ್ಕೆ ಎಳೆದು ತಂದರೂ ಸಾಲ ಅಲ್ಲಿಯೇ ಇರುತ್ತದೆ. ತಮ್ಮನ ಬೋಟಿನ ಕಂತು ಕಟ್ಟಲು ಮುಂಬಯಿಯ ಹೋಟೆಲಿನಲ್ಲಿ ದುಡಿದು ತಿಂಗಳು ತಿಂಗಳೂ ಮನಿಯಾರ್ಡರು ಕಳಿಸಿದ ಅಣ್ಣಂದಿರನ್ನು ನಾವೇ ಬಲ್ಲೆವು. ಒಂದು ಇಂಜಿನ್ನು ಸುಟ್ಟಿತೆಂದರೆ ಎರಡು ಊರುಗಳಲ್ಲಿ ಒಲೆ ತಣ್ಣಗಾಗುತ್ತಿತ್ತು.

ಆದ್ದರಿಂದಲೇ ಬಲ್ಲ ಡ್ರೈವರುಗಳು ನೀರಿನ ದಾರಿಯನ್ನು ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ನೋಡುತ್ತಾರೆ. ಬೋಟಿನ ತಳದ ನೀರು ಸೇದುವ ಬಾಯಿಗೆ ಪಾಚಿ, ಚೀಲ, ಜೆಲ್ಲಿಮೀನು ಮುಚ್ಚಿದೆಯೇ? ಅಲ್ಲಿನ ವಾಲ್ವು ತೆರೆದಿದೆಯೇ? ಜಾಲರಿ ಕಟ್ಟಿದೆಯೇ? ಪಂಪಿನ ಬೆಲ್ಟು ಸಡಿಲಾಗಿದೆಯೇ? ಪಂಪಿನೊಳಗಿನ ರಬ್ಬರಿನ ಇಂಪೆಲರು ನೀರಿಲ್ಲದೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಹರಿಯುತ್ತದೆ. ಹರಿದ ಎಸಳುಗಳನ್ನು ಒಂದೂ ಬಿಡದೆ ಹುಡುಕಿ ತೆಗೆಯಬೇಕು, ಇಲ್ಲವಾದರೆ ಅವೇ ಮುಂದೆ ಕೊಳವೆಗೆ ಅಡ್ಡವಾಗುತ್ತವೆ. ಆಮೇಲೆ ಥರ್ಮೋಸ್ಟಾಟು, ತಣಿಸುವ ಕೊಳವೆಗಳು, ಕೊನೆಗೆ ನೀರು ಹೊರಬೀಳುವ ಬಾಯಿ. ಇಷ್ಟೆಲ್ಲ ಇಂಜಿನ್ನು ತಾನಾಗಿ ತಣಿದ ಮೇಲೆ. ಕಾದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಬಿಸಿಯಾಗಿರುವಾಗಲೇ ಸಿಹಿನೀರಿನ ಮುಚ್ಚಳ ತೆರೆದರೆ ಮುಖಕ್ಕೆ ಉಗಿ ಹಾರುತ್ತದೆ.

ಅಂದು ನಮ್ಮ ಲಾಂಚಿನವರೂ ಹಾಗೆಯೇ ಮಾಡಿದರು. ಅರ್ಧ ಗಂಟೆ ಕಾದು ಜಾಲರಿಯನ್ನು ಬಿಚ್ಚಿದಾಗ ಸಿಕ್ಕಿದ್ದು ಅಂಗೈಯಗಲದ ಪ್ಲಾಸ್ಟಿಕ್ ಚೀಲದ ತುಂಡು, ನಮ್ಮಂಥ ಯಾರೋ ಪ್ರಯಾಣಿಕರು ಎಸೆದದ್ದೇ ಇರಬೇಕು. ಇಂಜಿನ್ನು ಮತ್ತೆ ಶುರುವಾಗಿ ಬದಿಯ ಕೊಳವೆಯಿಂದ ನೀರು ಬಿದ್ದಾಗ ಮಲ್ಪೆಯ ಗೆಳೆಯರ ಮುಖ ಅರಳಿತು. ಪ್ರಶ್ನೆ ಕೇಳಿದ್ದ ಹಿರಿಯರು ಬುತ್ತಿಯ ಖಾಲಿ ಪೊಟ್ಟಣಗಳನ್ನೆಲ್ಲ ಒಟ್ಟುಮಾಡಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಆ ದಿನದಿಂದ ಲಾಂಚು ಹತ್ತಿದಾಗಲೆಲ್ಲ ನಾವು ಮೊದಲು ನೋಡುವುದು ಆ ಕೊಳವೆಯ ಬಾಯನ್ನೇ.