ಒಂದು ವರ್ಷಕ್ಕೆ ಸಿಕ್ಕ ನಾಸಾ ಉಪಗ್ರಹ: ಕಲಬುರಗಿ, ರಾಯಚೂರಿನ ಹಳ್ಳಿಗಳಿಗೆ ಟಿವಿ ಬಂದ ಕಥೆ

ಅಹಮದಾಬಾದ್: ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾಗುವ ವರ್ಷಗಳ ಮೊದಲೇ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನರು ಕನ್ನಡದಲ್ಲೇ ಟಿವಿ ಕಾರ್ಯಕ್ರಮ ನೋಡಿದ್ದರು. ಉಪಗ್ರಹ ಅಮೆರಿಕದ ನಾಸಾದ್ದು, ನೆಲದ ಕೆಲಸ ಇಸ್ರೋದ್ದು. ಈ ಸಹಯೋಗದ ಕೇಂದ್ರ ಗುಜರಾತಿನ ಅಹಮದಾಬಾದ್ ಆಗಿತ್ತು.

ಏನಿದು 'ಸೈಟ್' ಪ್ರಯೋಗ?

ವಿಕ್ರಂ ಸಾರಾಭಾಯಿ ಅವರ ಪ್ರಯತ್ನದ ಫಲವಾಗಿ 1969ರಲ್ಲಿ ಭಾರತದ ಅಣುಶಕ್ತಿ ಇಲಾಖೆ ಮತ್ತು ನಾಸಾ ನಡುವೆ ಒಪ್ಪಂದವಾಯಿತು. ಎಟಿಎಸ್-6 ಉಪಗ್ರಹವನ್ನು ಒದಗಿಸುವುದು ನಾಸಾದ ಹೊಣೆ. ಭೂಕೇಂದ್ರ, ಹಳ್ಳಿಯ ಟಿವಿ ಸೆಟ್ ಮತ್ತು ಕಾರ್ಯಕ್ರಮಗಳೆಲ್ಲ ಭಾರತದ ಹೊಣೆ. ಅಂದರೆ, ಪರದೆಯ ಮೇಲೆ ಏನು ಕಾಣಬೇಕೆಂಬ ತೀರ್ಮಾನ ಭಾರತದ ಕೈಯಲ್ಲೇ ಉಳಿಯಿತು. ಆದರೆ ಪ್ರಯೋಗವನ್ನು ನೋಡಲು ಸಾರಾಭಾಯಿ ಇರಲಿಲ್ಲ. ಅವರು 1971ರ ಡಿಸೆಂಬರ್ 30ರಂದು ನಿಧನರಾದರು.

1975ರ ಆಗಸ್ಟ್ 1ರಂದು ಪ್ರಸಾರ ಶುರುವಾಯಿತು. ಕರ್ನಾಟಕ ಸೇರಿ 6 ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದಿನಕ್ಕೆ 4 ಗಂಟೆ ಕಾರ್ಯಕ್ರಮ. ಬೆಳಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಮಾಹಿತಿ. ಸಿಗ್ನಲ್ ಹಿಡಿಯಲು ಕೋಳಿ ಗೂಡಿಗೆ ಬಳಸುವಂಥ ತಂತಿ ಬಲೆಯಿಂದ ಸುಮಾರು 3 ಮೀಟರ್ ಅಗಲದ ಆಂಟೆನಾಗಳನ್ನು ಮಾಡಲಾಗಿತ್ತು.

ಅಹಮದಾಬಾದ್ ಮತ್ತು ವಡೋದರಾ ನಡುವಿನ ಖೇಡಾ ಜಿಲ್ಲೆಯಲ್ಲೂ ಪಿಜ್ ಗ್ರಾಮದ ಟ್ರಾನ್ಸ್‌ಮಿಟರ್ ಮೂಲಕ ಗುಜರಾತಿ ಕಾರ್ಯಕ್ರಮಗಳು ಪ್ರಸಾರವಾದವು.

ಉಪಗ್ರಹ ವಾಪಸ್ ಹೋದಾಗ

1976ರ ಜುಲೈ 31ಕ್ಕೆ ಒಪ್ಪಂದದ ಅವಧಿ ಮುಗಿಯಿತು. ಎಟಿಎಸ್-6 ಅಮೆರಿಕದತ್ತ ಮರಳಿತು, ಹಳ್ಳಿಗಳಿಗೆ ಉಪಗ್ರಹದ ಪ್ರಸಾರ ನಿಂತಿತು. ಕಲಬುರಗಿಯಲ್ಲಿ 1977ರಲ್ಲಿ ದೂರದರ್ಶನದ ಟ್ರಾನ್ಸ್‌ಮಿಟರ್ ಬಂದರೂ, ಅದರ ವ್ಯಾಪ್ತಿಯಾಚೆಗಿನ ಹಳ್ಳಿಗಳು ಕಾಯಬೇಕಾಯಿತು. ಎರವಲು ಉಪಗ್ರಹದ ಮಿತಿ ಇದು.

ಭಾರತದ ಮುಂದಿನ ಹೆಜ್ಜೆಗಳಲ್ಲೂ ವಿದೇಶಿ ಸಂಸ್ಥೆಗಳು ಜೊತೆಗಿದ್ದವು. 1977ರಿಂದ 1979ರವರೆಗೆ ಫ್ರಾನ್ಸ್-ಜರ್ಮನಿಯ 'ಸಿಂಫನಿ' ಉಪಗ್ರಹದ ಮೂಲಕ 'ಸ್ಟೆಪ್' ಪ್ರಯೋಗ ನಡೆಯಿತು. ಇಸ್ರೋ ನಿರ್ಮಿಸಿದ 'ಆ್ಯಪಲ್' ಸಂವಹನ ಉಪಗ್ರಹವನ್ನು 1981ರ ಜೂನ್ 19ರಂದು ಯುರೋಪಿನ ಏರಿಯಾನ್ ರಾಕೆಟ್ ಕಕ್ಷೆಗೆ ಒಯ್ದಿತು.

ಈಗ ಸಮಪಾಲು

ಸೈಟ್ ಆರಂಭವಾಗಿ 50 ವರ್ಷ ತುಂಬಲು ಎರಡು ದಿನ ಬಾಕಿ ಇರುವಾಗ, 2025ರ ಜುಲೈ 30ರಂದು ನಾಸಾ-ಇಸ್ರೋ ಜಂಟಿ ಉಪಗ್ರಹ 'ನಿಸಾರ್' ಶ್ರೀಹರಿಕೋಟಾದಿಂದ ಹಾರಿತು. ಅದರ ಎಲ್-ಬ್ಯಾಂಡ್ ರೇಡಾರ್ ನಾಸಾದ್ದು. ಎಸ್-ಬ್ಯಾಂಡ್ ರೇಡಾರ್ ಅನ್ನು ರೂಪಿಸಿದ್ದು ಅದೇ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ. ಉಪಗ್ರಹವನ್ನು ಹೊತ್ತೊಯ್ದದ್ದು ಭಾರತದ್ದೇ ಜಿಎಸ್‌ಎಲ್‌ವಿ ರಾಕೆಟ್.